ಗರ್ಭಕೋಶದ ಗಡ್ಡೆಯ ಬ್ಲಾಕನ್ನು ಎಷ್ಟು ವರ್ಷ ಕಾಪಾಡಬೇಕು?

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳ ಕುರಿತು ಈಚೆಗೆ ಪ್ರಕಟವಾದ ಲೇಖನವನ್ನು ಓದಿದೆ. ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲವೆಂದು ಬಿಡಿಸಿ ಹೇಳಿ ಹೆಂಗಸರ ಭಯವನ್ನು ಕಡಿಮೆ ಮಾಡಿದ್ದು ಒಳ್ಳೆಯ ಕೆಲಸ. ಆದರೆ ಗಡ್ಡೆಯನ್ನೋ ಗರ್ಭಕೋಶವನ್ನೋ ತೆಗೆಸಿಕೊಂಡ ಮೇಲೆ ಅದರ ಗೊಡವೆಯೇ ಇನ್ನು ಬೇಕಿಲ್ಲವೆಂಬ ಅರ್ಥ ಬರುವಂತೆ ಲೇಖನ ಮುಗಿದಿರುವುದರಿಂದ ಈ ಪತ್ರವನ್ನು ಬರೆಯಬೇಕಾಯಿತು. ಮುಂಬಯಿಯಲ್ಲಿ ಹಿಸ್ಟೊಪೆಥಾಲಜಿ, ಅಂದರೆ ದೇಹದಿಂದ ತೆಗೆದ ಅಂಗಾಂಶಗಳನ್ನು ಪರೀಕ್ಷಿಸುವ ಪ್ರಯೋಗಾಲಯದ ತಂತ್ರಜ್ಞೆಯಾಗಿ ಬಹುಕಾಲ ಕೆಲಸ ಮಾಡಿ ನಿವೃತ್ತಳಾದವಳು ನಾನು. ತೆಗೆದ ಗಡ್ಡೆಯ ಒಂದು ಚೂರು ಪ್ಯಾರಾಫಿನ್ ಮೇಣದ ಬ್ಲಾಕಿನಲ್ಲಿ ಉಳಿದಿದ್ದರೆ, ಹತ್ತು ಹದಿನೈದು ವರ್ಷಗಳ ನಂತರ ಅದೇ ಮಹಿಳೆಯ ಶ್ವಾಸಕೋಶದಲ್ಲಿ ಕಾಣಿಸಿಕೊಂಡ ಗಂಟುಗಳು ಏನು, ಎಲ್ಲಿಂದ ಬಂದವು ಎಂಬುದನ್ನು ತಿಳಿಯಲು ಅದು ನೆರವಾಗುತ್ತದೆ. ಆ ಚೂರನ್ನು ಯಾರು, ಎಷ್ಟು ವರ್ಷ, ಹೇಗೆ ಕಾಪಾಡಬೇಕೆಂಬುದನ್ನು ನಾವು ಗಂಭೀರವಾಗಿ ಯೋಚಿಸಿಲ್ಲವೆಂಬುದೇ ನನ್ನ ಅಳಲು.

ಮೊದಲು ಕಾಯಿಲೆಯ ಬಗ್ಗೆ. ನಮ್ಮ ಕರುಳು, ರಕ್ತನಾಳ, ಗರ್ಭಕೋಶಗಳ ಗೋಡೆಯಲ್ಲಿ ನಮ್ಮ ಇಚ್ಛೆಗೆ ಒಳಪಡದೆ ಕೆಲಸ ಮಾಡುವ ನುಣುಪು ಸ್ನಾಯು ಇದೆ. ಗರ್ಭಕೋಶದಲ್ಲಿ ಈ ಸ್ನಾಯುವಿನಿಂದ ಹುಟ್ಟುವ ಕ್ಯಾನ್ಸರ್ ಅಲ್ಲದ ಗಡ್ಡೆಯೇ ಲಿಯೋಮಯೋಮ, ಅಂದರೆ ನಾವೆಲ್ಲ ಕೇಳಿ ಬಲ್ಲ ಫೈಬ್ರಾಯ್ಡ್. ಬಹಳ ಅಪರೂಪವಾಗಿ, ಫೈಬ್ರಾಯ್ಡ್‌ಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ವರ್ಷಗಳು ಕಳೆದ ಮೇಲೆ, ಅದೇ ಬಗೆಯ ಸ್ನಾಯುವಿನ ಗಂಟುಗಳು ಎರಡೂ ಶ್ವಾಸಕೋಶಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇದನ್ನು ಬಿನೈನ್ ಮೆಟಾಸ್ಟಸೈಸಿಂಗ್ ಲಿಯೋಮಯೋಮ, ಅಂದರೆ ಕ್ಯಾನ್ಸರ್ ಅಲ್ಲದಿದ್ದರೂ ಹರಡುವ ಲಿಯೋಮಯೋಮ ಎನ್ನುತ್ತಾರೆ. ಸ್ಟೈನರ್ ಎಂಬ ಅಮೆರಿಕದ ಪೆಥಾಲಜಿಸ್ಟ್ 1939ರಲ್ಲಿ ಇದನ್ನು ವಿವರಿಸಿ ಬರೆದರು. ಅಂದಿನಿಂದ ಇಂದಿನವರೆಗೆ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದ ಪ್ರಕರಣಗಳು ಕೆಲವೇ ನೂರು. ಆದ್ದರಿಂದ ಫೈಬ್ರಾಯ್ಡ್ ಇರುವ ಸೋದರಿಯರು ಈ ಪತ್ರವನ್ನು ಓದಿ ಗಾಬರಿಯಾಗಬಾರದೆಂದು ಆರಂಭದಲ್ಲಿಯೇ ಕೇಳಿಕೊಳ್ಳುತ್ತೇನೆ. ಫೈಬ್ರಾಯ್ಡ್ ಅತ್ಯಂತ ಸಾಮಾನ್ಯ. ಅದು ಶ್ವಾಸಕೋಶದಲ್ಲಿ ಕಾಣಿಸುವುದು ಅತ್ಯಂತ ವಿರಳ.

ಈ ಗಂಟುಗಳು ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಬೇರಾವುದೋ ಕಾರಣಕ್ಕೆ ತೆಗೆಸಿದ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್‌ನಲ್ಲಿ ಅಂಚು ಸ್ಪಷ್ಟವಾಗಿರುವ ದುಂಡನೆಯ ಗಂಟುಗಳು, ಕೆಲವು ಮಿಲಿಮೀಟರಿನಿಂದ ಹಿಡಿದು ಕೆಲವು ಸೆಂಟಿಮೀಟರಿನವರೆಗೆ, ಅಲ್ಲಲ್ಲಿ ಹರಡಿಕೊಂಡಂತೆ ಕಾಣುತ್ತವೆ. ಕೆಲವರಿಗೆ ಒಣ ಕೆಮ್ಮು, ಏದುಸಿರು. ಕಷ್ಟ ಆರಂಭವಾಗುವುದು ಅಲ್ಲಿಂದ ಮುಂದೆ. ಕ್ಷಯರೋಗ ಇಷ್ಟೊಂದು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ, ಅದರಲ್ಲೂ ಮುಂಬಯಿಯಂಥ ಇಕ್ಕಟ್ಟಿನ ನಗರದಲ್ಲಿ, ಶ್ವಾಸಕೋಶದಲ್ಲಿ ಅನೇಕ ಗಂಟುಗಳನ್ನು ಕಂಡ ವೈದ್ಯರು ಮೊದಲು ಟಿಬಿಯನ್ನು ನೆನೆಯುವುದು ಸಹಜವೂ ಹೌದು, ಸರಿಯೂ ಹೌದು. ಟಿಬಿ ಅಲ್ಲವೆಂದಾದರೆ ಮುಂದಿನ ಅನುಮಾನ ಬೇರೆಲ್ಲಿಂದಲೋ ಹರಡಿದ ಕ್ಯಾನ್ಸರಿನದು. ನಲವತ್ತು ಐವತ್ತರ ಪ್ರಾಯದ ಗೃಹಿಣಿಯೊಬ್ಬರಿಗೆ, ಅವರ ಮನೆಯವರಿಗೆ, ಕ್ಯಾನ್ಸರ್ ನಾಲ್ಕನೆಯ ಹಂತದಲ್ಲಿದೆ ಎಂಬ ಮಾತು ಒಮ್ಮೆ ಕಿವಿಗೆ ಬಿದ್ದರೆ ಆ ಮನೆಯ ಸ್ಥಿತಿ ಏನಾಗುತ್ತದೆಂದು ನಾನು ಬರೆಯಬೇಕಾಗಿಲ್ಲ.

ಬಯಾಪ್ಸಿ ಮಾಡಿ ಸೂಕ್ಷ್ಮದರ್ಶಕದಡಿ ನೋಡಿದಾಗ ಉದ್ದುದ್ದ ಜೀವಕೋಶಗಳ ಕಂತೆಗಳು ಕಾಣುತ್ತವೆ. ವಿಭಜನೆಯಾಗುತ್ತಿರುವ ಕೋಶಗಳು ಬಹಳ ಕಡಿಮೆ. ಕೊಳೆತು ಸತ್ತ ಭಾಗಗಳಿರುವುದಿಲ್ಲ. ಡೆಸ್ಮಿನ್ ಮತ್ತು ಸ್ಮೂತ್ ಮಸಲ್ ಆಕ್ಟಿನ್ ಎಂಬ ಸ್ನಾಯುವಿನ ಗುರುತುಗಳ ಜೊತೆಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್ ಹಾರ್ಮೋನುಗಳ ಗ್ರಾಹಕಗಳೂ ಪಾಸಿಟಿವ್ ಬರುತ್ತವೆ. ಸ್ತನ ಕ್ಯಾನ್ಸರಿನ ಕಾರಣದಿಂದ, ಈ ಗ್ರಾಹಕಗಳನ್ನು ನೋಡುವ ಇಆರ್, ಪಿಆರ್ ಪರೀಕ್ಷೆಗಳು ಇಂದು ದೊಡ್ಡ ಪ್ರಯೋಗಾಲಯಗಳಲ್ಲೆಲ್ಲ ದೊರೆಯುತ್ತವೆ. ಆದರೆ ಶ್ವಾಸಕೋಶದ ಚೂರಿನ ಮೇಲೆ ಇವೆರಡನ್ನು ಮಾತ್ರ ಮಾಡಿ ನಿಲ್ಲಿಸಿದರೆ ಸ್ತನ ಕ್ಯಾನ್ಸರಿನ ಹರಡುವಿಕೆ ಎಂದು ಎಡವುವ ಅಪಾಯವಿದೆ. ಸ್ನಾಯುವಿನ ಗುರುತುಗಳನ್ನು ಜೊತೆಯಲ್ಲೇ ನೋಡಬೇಕು. ಲಿಂಫಾಂಜಿಯೊಲಿಯೋಮಯೊಮಟೋಸಿಸ್ ಎಂಬ ಇನ್ನೊಂದು ಅಪರೂಪದ ಕಾಯಿಲೆಯೂ ಹೆಂಗಸರ ಶ್ವಾಸಕೋಶದಲ್ಲಿ ನುಣುಪು ಸ್ನಾಯುವಿನಂಥ ಕೋಶಗಳನ್ನು ಬೆಳೆಸುತ್ತದೆ. ಅದರಲ್ಲಿ ಗಂಟುಗಳಿಗಿಂತ ಹೆಚ್ಚಾಗಿ ಗಾಳಿ ತುಂಬಿದ ಪೊಳ್ಳುಗಳು ಕಾಣುತ್ತವೆ, ಎಚ್‌ಎಂಬಿ-45 ಎಂಬ ಗುರುತು ಪಾಸಿಟಿವ್ ಬರುತ್ತದೆ, ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ವಂಶವಾಹಿಯಲ್ಲಿ ದೋಷವಿರುತ್ತದೆ. ಅದಕ್ಕೆ ಸಿರೊಲಿಮಸ್ ಎಂಬ ಔಷಧವಿದೆ. ಎರಡನ್ನೂ ಒಂದೆಂದು ಭಾವಿಸಿದರೆ ಚಿಕಿತ್ಸೆಯೇ ತಪ್ಪಿಹೋಗುತ್ತದೆ.

ಇನ್ನು ವಂಶವಾಹಿಗಳ ಮಾತಿಗೆ ಬರುತ್ತೇನೆ. ಕ್ಯಾನ್ಸರ್ ಅಲ್ಲದ ಗಡ್ಡೆ ದೂರದ ಅಂಗದಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆಂಬ ಪ್ರಶ್ನೆ ದಶಕಗಳ ಕಾಲ ಬಗೆಹರಿಯದೆ ಉಳಿದಿತ್ತು. ಶ್ವಾಸಕೋಶದ ಸ್ನಾಯುವೇ ಹಾರ್ಮೋನಿನ ಪ್ರಭಾವದಿಂದ ಅಲ್ಲಲ್ಲಿ ತಾನಾಗಿ ಗಂಟು ಕಟ್ಟುತ್ತದೆಂದು ಕೆಲವರು ಹೇಳಿದರು. ಗರ್ಭಕೋಶದ ಗಡ್ಡೆಯ ಕೋಶಗಳು ರಕ್ತನಾಳಕ್ಕೆ ಸೇರಿ ಶ್ವಾಸಕೋಶವನ್ನು ತಲುಪುತ್ತವೆಂದು ಇತರರು ವಾದಿಸಿದರು. ಹಿಂದೆ ತೆಗೆದದ್ದು ಫೈಬ್ರಾಯ್ಡೇ ಅಲ್ಲ, ಗುರುತಿಸದೆ ಹೋದ ನಿಧಾನಗತಿಯ ಸಾರ್ಕೋಮ ಎಂಬ ಕ್ಯಾನ್ಸರ್ ಇರಬೇಕೆಂಬುದು ಮೂರನೆಯ ಅಭಿಪ್ರಾಯ. ಸೂಕ್ಷ್ಮದರ್ಶಕವೊಂದರಿಂದಲೇ ಈ ಮೂರರ ನಡುವೆ ತೀರ್ಮಾನ ಹೇಳಲಾಗುವುದಿಲ್ಲ.

ತೀರ್ಮಾನಕ್ಕೆ ಹಾದಿ ಮಾಡಿಕೊಟ್ಟದ್ದು ಹೆಣ್ಣಿನ ದೇಹದ ಒಂದು ವೈಶಿಷ್ಟ್ಯ. ಹೆಣ್ಣಿನ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳಿದ್ದು, ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದಿರುತ್ತದೆ. ಭ್ರೂಣದ ಆರಂಭದ ದಿನಗಳಲ್ಲಿಯೇ ಪ್ರತಿ ಕೋಶವೂ ಇವೆರಡರಲ್ಲಿ ಒಂದನ್ನು ಸುಮ್ಮನಾಗಿಸುತ್ತದೆ, ಮತ್ತು ಆ ಕೋಶದ ಸಂತತಿಯೆಲ್ಲ ಅದೇ ಆಯ್ಕೆಯನ್ನು ಮುಂದುವರಿಸುತ್ತದೆ. ಬ್ರಿಟನ್ನಿನ ಮೇರಿ ಲಯನ್ 1961ರಲ್ಲಿ ಮುಂದಿಟ್ಟ ಈ ವಿಚಾರ ಇಂದು ಪಠ್ಯಪುಸ್ತಕಗಳಲ್ಲಿದೆ. ಆದ್ದರಿಂದ ಆರೋಗ್ಯವಂತ ಅಂಗಾಂಶದಲ್ಲಿ ತಾಯಿಯ ಎಕ್ಸ್ ಸುಮ್ಮನಾದ ಕೋಶಗಳೂ ತಂದೆಯ ಎಕ್ಸ್ ಸುಮ್ಮನಾದ ಕೋಶಗಳೂ ಬೆರೆತಿರುತ್ತವೆ. ಗಡ್ಡೆಯೊಂದು ಒಂದೇ ಕೋಶದಿಂದ ಬೆಳೆದಿದ್ದರೆ ಅದರ ಎಲ್ಲ ಕೋಶಗಳಲ್ಲಿಯೂ ಸುಮ್ಮನಾದ ಎಕ್ಸ್ ಒಂದೇ ಆಗಿರುತ್ತದೆ. ರತ್ನಾಗಿರಿಯ ಒಂದೇ ಆಪೂಸ್ ಮರದಿಂದ ಕಸಿ ಕಟ್ಟಿದ ಗಿಡಗಳು ಯಾವ ಊರಿನ ತೋಟದಲ್ಲಿ ಬೆಳೆದರೂ ತಾಯಿಮರದ ಗುಣವನ್ನೇ ತೋರುವಂತೆ, ಒಂದೇ ಮೂಲದ ಗಂಟುಗಳು ಯಾವ ಅಂಗದಲ್ಲಿದ್ದರೂ ಮೂಲಕೋಶದ ಆಯ್ಕೆಯನ್ನೇ ತೋರಿಸುತ್ತವೆ. ಹೀಗೆ ಪರೀಕ್ಷಿಸಿದಾಗ ಶ್ವಾಸಕೋಶದ ಬೇರೆ ಬೇರೆ ಗಂಟುಗಳಲ್ಲಿಯೂ, ದೊರೆತಲ್ಲಿ ಹಳೆಯ ಗರ್ಭಕೋಶದ ಗಡ್ಡೆಯಲ್ಲಿಯೂ ಸುಮ್ಮನಾದ ಎಕ್ಸ್ ಒಂದೇ ಎಂದು ತಿಳಿದುಬಂತು. ಗಂಟುಗಳು ಅಲ್ಲಲ್ಲೇ ಸ್ವತಂತ್ರವಾಗಿ ಹುಟ್ಟಿದವೆಂಬ ವಾದ ಇದರಿಂದ ದುರ್ಬಲವಾಯಿತು.

ಆದರೆ ಈ ಸಾಕ್ಷ್ಯಕ್ಕೂ ಮಿತಿಯಿದೆ. ಅದನ್ನು ಹೇಳದೆ ಬಿಟ್ಟರೆ ವಿಜ್ಞಾನಕ್ಕೆ ಅಪಚಾರ. ಸುಮ್ಮನಾಗುವುದು ಎರಡರಲ್ಲಿ ಒಂದು ಎಕ್ಸ್ ಆದ್ದರಿಂದ, ಪರಸ್ಪರ ಸಂಬಂಧವೇ ಇಲ್ಲದ ಎರಡು ಗಡ್ಡೆಗಳು ಕೂಡ ಅರ್ಧದಷ್ಟು ಸಲ ಕೇವಲ ಆಕಸ್ಮಿಕವಾಗಿ ಹೊಂದಿಕೊಳ್ಳುತ್ತವೆ. ಗರ್ಭಕೋಶದ ಒಂದು ಗಡ್ಡೆಯೂ ಶ್ವಾಸಕೋಶದ ಮೂರು ಗಂಟುಗಳೂ ಒಂದೇ ಬಗೆಯಲ್ಲಿದ್ದರೆ ಅದು ಆಕಸ್ಮಿಕವಾಗಿರುವ ಸಂಭವ ಎಂಟರಲ್ಲಿ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಹೆಚ್ಚು ಗಂಟುಗಳನ್ನು, ಹೆಚ್ಚು ಗುರುತುಗಳನ್ನು ಹೋಲಿಸಿ ನೋಡುವುದು ಅಗತ್ಯ.

ವರ್ಣತಂತುಗಳ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಈ ಕಾಯಿಲೆಯ ಐದು ಪ್ರಕರಣಗಳನ್ನು ಪರೀಕ್ಷಿಸಿದಾಗ, ಐದರಲ್ಲಿಯೂ 19ನೆಯ ಮತ್ತು 22ನೆಯ ವರ್ಣತಂತುಗಳ ಉದ್ದ ತೋಳಿನ ತುದಿಗಳು ಕಳೆದುಹೋಗಿದ್ದವು. ಗರ್ಭಕೋಶದ ಸಾಮಾನ್ಯ ಫೈಬ್ರಾಯ್ಡ್‌ಗಳಲ್ಲಿ ಇಂಥ ಬದಲಾವಣೆ ಸುಮಾರು ಶೇ 3ರಷ್ಟರಲ್ಲಿ ಮಾತ್ರ ಕಾಣುತ್ತದೆಂದು ಅದೇ ಅಧ್ಯಯನ ಹೇಳಿತು. ಅಂದರೆ ಫೈಬ್ರಾಯ್ಡ್‌ಗಳೆಲ್ಲವೂ ಒಂದೇ ಜಾತಿಯವಲ್ಲ. ಅವುಗಳಲ್ಲಿ ಚಿಕ್ಕದೊಂದು ಗುಂಪಿಗೆ ಮಾತ್ರ ಗರ್ಭಕೋಶದಾಚೆ ಹೋಗಿ ನೆಲೆಸುವ ಶಕ್ತಿ ಇರಬಹುದೆಂಬ ಊಹೆಗೆ ಇದು ಬಲ ಕೊಡುತ್ತದೆ. ಐದು ಪ್ರಕರಣ ದೊಡ್ಡ ಸಂಖ್ಯೆಯಲ್ಲವೆಂಬುದು ನಿಜ. ಆದರೆ ಇಷ್ಟು ಅಪರೂಪದ ಕಾಯಿಲೆಯಲ್ಲಿ ಐದು ಮಹಿಳೆಯರ ಅಂಗಾಂಶ ಪರೀಕ್ಷೆಗೆ ಯೋಗ್ಯ ಸ್ಥಿತಿಯಲ್ಲಿ ಒಂದೆಡೆ ಸಿಕ್ಕಿತೆಂಬುದೇ, ಅದನ್ನು ಕಾಪಾಡಿಟ್ಟವರ ಶಿಸ್ತಿಗೆ ಸಾಕ್ಷಿಯೆಂದು ನಾನು ಭಾವಿಸುತ್ತೇನೆ.

ಸಾಮಾನ್ಯ ಫೈಬ್ರಾಯ್ಡ್‌ಗಳ ಮೂಲವೂ ಈಗ ಬಹುಮಟ್ಟಿಗೆ ತಿಳಿದಿದೆ. ಫಿನ್ಲೆಂಡಿನ ಸಂಶೋಧಕರು 2011ರಲ್ಲಿ ತೋರಿಸಿದಂತೆ, ಸುಮಾರು ಶೇ 70ರಷ್ಟು ಫೈಬ್ರಾಯ್ಡ್‌ಗಳಲ್ಲಿ ಎಕ್ಸ್ ವರ್ಣತಂತುವಿನ ಮೇಲಿರುವ ಮೆಡ್12 ಎಂಬ ವಂಶವಾಹಿಯ ಒಂದು ಪುಟ್ಟ ಭಾಗದಲ್ಲಿ ಬದಲಾವಣೆಯಿರುತ್ತದೆ. ಇನ್ನು ಕೆಲವದರಲ್ಲಿ 12ನೆಯ ವರ್ಣತಂತು ತುಂಡಾಗಿ ಹೆಚ್ಚಿನ ವೇಳೆ 14ನೆಯದರೊಡನೆ ಸೇರಿಕೊಂಡು, ಭ್ರೂಣದ ಕಾಲದಲ್ಲಿ ಮಾತ್ರ ಚುರುಕಾಗಿದ್ದು ಮುಂದೆ ಸುಮ್ಮನಿರಬೇಕಾದ ಎಚ್‌ಎಂಜಿಎ2 ಎಂಬ ವಂಶವಾಹಿ ಮತ್ತೆ ಎಚ್ಚರಗೊಂಡಿರುತ್ತದೆ. ಶ್ವಾಸಕೋಶದ ಗಂಟುಗಳಲ್ಲಿ ಕೆಲವದರಲ್ಲಿ ಮೆಡ್12 ಬದಲಾವಣೆ ಸಿಕ್ಕಿದೆ, ಹಲವದರಲ್ಲಿ ಸಿಕ್ಕಿಲ್ಲ. ಸಾರ್ಕೋಮದ ಚಿತ್ರ ಇದಕ್ಕಿಂತ ಬೇರೆ: ಅಲ್ಲಿ ವರ್ಣತಂತುಗಳು ಅಸ್ತವ್ಯಸ್ತವಾಗಿ ಒಡೆದು ಕೂಡಿರುತ್ತವೆ, ಮತ್ತು ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಟಿಪಿ53, ಆರ್‌ಬಿ1 ಮೊದಲಾದ ವಂಶವಾಹಿಗಳು ಹಲವು ಸಲ ಕೆಟ್ಟಿರುತ್ತವೆ. ಒಬ್ಬ ಮಹಿಳೆಗೆ ಕೀಮೋಥೆರಪಿ ಬೇಕೆ, ಹಾರ್ಮೋನನ್ನು ತಗ್ಗಿಸುವ ಔಷಧ ಸಾಕೆ, ಅಥವಾ ಆಗಾಗ ಸ್ಕ್ಯಾನ್ ಮಾಡಿಸುತ್ತ ಕಾದು ನೋಡಿದರೆ ಸಾಕೆ ಎಂಬ ನಿರ್ಧಾರ ಈ ವ್ಯತ್ಯಾಸದ ಮೇಲೆ ನಿಂತಿದೆ. ಈ ಗಂಟುಗಳು ಈಸ್ಟ್ರೊಜೆನ್ನನ್ನು ನೆಚ್ಚಿಕೊಂಡು ಬೆಳೆಯುವುದರಿಂದ ಮುಟ್ಟು ನಿಂತ ಮೇಲೆ ಹಲವರಲ್ಲಿ ತಾವಾಗಿ ಕುಗ್ಗುತ್ತವೆ. ಲೆಟ್ರೊಜೋಲ್‌ನಂಥ ಮಾತ್ರೆ, ಅಂಡಾಶಯದ ಕೆಲಸವನ್ನು ತಡೆಹಿಡಿಯುವ ಇಂಜೆಕ್ಷನ್, ಕೆಲವೊಮ್ಮೆ ಅಂಡಾಶಯವನ್ನೇ ತೆಗೆಯುವುದು ಇವು ಚಿಕಿತ್ಸೆಯ ಹಾದಿಗಳು. ಇಂಥವರಿಗೆ ಕ್ಯಾನ್ಸರಿನ ಕೀಮೋ ಕೊಟ್ಟರೆ ಅದರ ಕಷ್ಟವೆಲ್ಲ ಸಿಕ್ಕೀತು, ಪ್ರಯೋಜನ ಸಿಗದು.

ಈಗ ನನ್ನ ಕೆಲಸದ ವಿಷಯ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗ ಪ್ರಯೋಗಾಲಯಕ್ಕೆ ಬಂದಾಗ ಅದನ್ನು ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರವದಲ್ಲಿಟ್ಟು, ಮುಖ್ಯ ಭಾಗಗಳಿಂದ ಚೂರುಗಳನ್ನು ಕತ್ತರಿಸಿ, ನೀರಿನಂಶ ತೆಗೆದು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸುತ್ತೇವೆ. ಇದೇ ಬ್ಲಾಕು. ಅದರಿಂದ ತೆಳ್ಳಗೆ ಹೆರೆದು ಗಾಜಿನ ಮೇಲೆ ಬಣ್ಣ ಹಾಕಿದರೆ ಸ್ಲೈಡು. ಸ್ಲೈಡಿನ ಬಣ್ಣ ಕಾಲಕ್ರಮೇಣ ಮಾಸುತ್ತದೆ. ಬ್ಲಾಕು ಸರಿಯಾಗಿ ಮಾಡಿ ತಂಪಾದ ಒಣ ಜಾಗದಲ್ಲಿಟ್ಟರೆ ದಶಕಗಳ ನಂತರವೂ ಅದರಿಂದ ಹೊಸ ಸ್ಲೈಡ್ ತೆಗೆಯಬಹುದು, ಡಿಎನ್‌ಎ ಕೂಡ ಪಡೆಯಬಹುದು. ಎಕ್ಸ್ ವರ್ಣತಂತುವಿನ ಪರೀಕ್ಷೆಯನ್ನು, ವರ್ಣತಂತುವಿನ ತುಂಡು ಕಳೆದಿದೆಯೇ ಎಂದು ನೋಡುವ ಫಿಶ್ ಪರೀಕ್ಷೆಯನ್ನು, ವಂಶವಾಹಿಗಳ ಅಕ್ಷರಗಳನ್ನು ಒಂದೊಂದಾಗಿ ಓದುವ ಸೀಕ್ವೆನ್ಸಿಂಗನ್ನು ಬ್ಲಾಕಿನಿಂದಲೇ ಮಾಡಲು ಸಾಧ್ಯ.

ಸರಿಯಾಗಿ ಮಾಡಿದರೆ ಎಂಬುದನ್ನು ಒತ್ತಿ ಹೇಳುತ್ತೇನೆ. ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವುದು ಬಹಳ ನಿಧಾನ, ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಗಡ್ಡೆ ತುಂಬಿದ ದೊಡ್ಡ ಗರ್ಭಕೋಶವನ್ನು ಸೀಳದೆ ಹಾಗೆಯೇ ಡಬ್ಬಿಯಲ್ಲಿ ಮುಳುಗಿಸಿಟ್ಟರೆ ಹೊರಮೈ ಗಟ್ಟಿಯಾಗುವಷ್ಟರಲ್ಲಿ ಒಳಗಿನ ಗಡ್ಡೆ ಕೊಳೆಯತೊಡಗಿರುತ್ತದೆ. ಆಮ್ಲವಾಗದಂತೆ ತಡೆಯುವ ಬಫರ್ ಬೆರೆಸದ ಫಾರ್ಮಲಿನ್ ಆಮ್ಲವಾಗುತ್ತ ಡಿಎನ್‌ಎಯನ್ನು ಚೂರುಚೂರು ಮಾಡುತ್ತದೆ. ಹೆಚ್ಚು ದಿನ ನೆನೆಸಿಟ್ಟರೂ ಕೆಡುಕೇ. ಡಿಎನ್‌ಎಯ ಅಕ್ಷರಗಳು ಬದಲಾದಂತೆ ತೋರಿ, ಇಲ್ಲದ ಮ್ಯುಟೇಶನ್ ಇದ್ದಂತೆ ಯಂತ್ರ ಓದುತ್ತದೆ. ಸಣ್ಣ ನರ್ಸಿಂಗ್ ಹೋಮಿನಿಂದ ಉಪ್ಪಿನಕಾಯಿ ಭರಣಿಯಲ್ಲಿ, ಸಾಲದಷ್ಟು ಫಾರ್ಮಲಿನ್‌ನಲ್ಲಿ ತುರುಕಿಕೊಂಡು ಬಂದ ಗರ್ಭಕೋಶಗಳನ್ನು ನಾನು ಕಂಡಿದ್ದೇನೆ. ವೈದ್ಯರ ಕೈಚಳಕವೆಲ್ಲ ಸಾರ್ಥಕವಾದ ಶಸ್ತ್ರಚಿಕಿತ್ಸೆಯ ಕೊನೆಗೆ ಹೀಗಾಗುವುದು ಬಹಳ ದುಃಖದ ಸಂಗತಿ, ಏಕೆಂದರೆ ಇದನ್ನು ತಪ್ಪಿಸಲು ಬೇಕಾದದ್ದು ದೊಡ್ಡ ಡಬ್ಬಿ, ಸಾಕಷ್ಟು ಬಫರ್ಡ್ ಫಾರ್ಮಲಿನ್ ಮತ್ತು ಸಮಯಕ್ಕೆ ಸರಿಯಾಗಿ ಗಡ್ಡೆಯನ್ನು ಸೀಳುವ ಎಚ್ಚರ ಮಾತ್ರ.

ಇನ್ನೊಂದು ಸೂಕ್ಷ್ಮವಿದೆ. ಒಂದೇ ಗರ್ಭಕೋಶದಲ್ಲಿ ಐದಾರು ಫೈಬ್ರಾಯ್ಡ್‌ಗಳಿದ್ದರೆ ಅವು ಸಾಮಾನ್ಯವಾಗಿ ಬೇರೆ ಬೇರೆ ಕೋಶಗಳಿಂದ ಹುಟ್ಟಿದವು. ಒಂದರ ವಂಶವಾಹಿ ಬದಲಾವಣೆ ಇನ್ನೊಂದರಲ್ಲಿರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಗಡ್ಡೆಯಿಂದ ಒಂದು ಚೂರು ತೆಗೆದು ಉಳಿದವನ್ನು ಬಿಟ್ಟರೆ, ಶ್ವಾಸಕೋಶಕ್ಕೆ ಹೋದದ್ದು ಆ ಬಿಟ್ಟುಹೋದ ಗಡ್ಡೆಯ ಕೋಶವೇ ಆಗಿರಬಹುದು. ಆಗ ಹೋಲಿಕೆ ಕೂಡದೆ ಹೋಗಿ, ಸಂಬಂಧವಿಲ್ಲವೆಂಬ ತಪ್ಪು ತೀರ್ಮಾನಕ್ಕೆ ಬರಬೇಕಾಗುತ್ತದೆ. ಆದ್ದರಿಂದ ಆದಷ್ಟು ಪ್ರತಿಯೊಂದು ಗಡ್ಡೆಯಿಂದಲೂ ಚೂರು ತೆಗೆದು, ಯಾವುದು ಎಲ್ಲಿಂದ ತೆಗೆದದ್ದೆಂದು ವರದಿಯಲ್ಲಿ ಬರೆಯಬೇಕು. ಕಿರಿಯ ತಂತ್ರಜ್ಞರಿಗೆ ಇದನ್ನು ಯಾರೂ ವಿವರಿಸಿ ಹೇಳುವುದಿಲ್ಲ. ಕೆಲಸದ ಒತ್ತಡದಲ್ಲಿ ಒಂದೆರಡು ಚೂರಿಗೆ ಮುಗಿಸುವುದು ರೂಢಿಯಾಗಿದೆ.

ಮುಂಬಯಿ ಕನ್ನಡಿಗರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ನಮ್ಮ ಹೆಂಗಸರು ಗರ್ಭಕೋಶದ ಶಸ್ತ್ರಚಿಕಿತ್ಸೆಯಂಥದ್ದನ್ನು ಊರಿಗೆ ಹೋಗಿ ಮಾಡಿಸಿಕೊಳ್ಳುವುದು ಹೆಚ್ಚು. ತಾಯಿಯೋ ಅಕ್ಕನೋ ನೋಡಿಕೊಳ್ಳುತ್ತಾರೆ, ಖರ್ಚು ಕಡಿಮೆ, ಮಕ್ಕಳಿಗೆ ಮೇ ತಿಂಗಳ ರಜೆ. ಉಡುಪಿ, ಮಂಗಳೂರು, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಹೀಗೆ ಎಲ್ಲೋ ಶಸ್ತ್ರಚಿಕಿತ್ಸೆ; ಡೊಂಬಿವಲಿ, ಮುಲುಂಡ್, ಮೀರಾ ರೋಡ್, ಮಾಟುಂಗದಲ್ಲಿ ಬಾಳು. ಹೊಲಿಗೆ ಬಿಚ್ಚಿಸಿಕೊಂಡು ಹೊರಡುವಾಗ ಕೈಯಲ್ಲಿರುವುದು ಡಿಸ್ಚಾರ್ಜ್ ಕಾಗದ ಮಾತ್ರ. ಪೆಥಾಲಜಿ ವರದಿ ಒಂದು ವಾರ ಬಿಟ್ಟು ಬರುತ್ತದೆ. ಅದನ್ನು ಹೋಗಿ ತರುವವರಿಲ್ಲ.

ನಾನು ಕೆಲಸದಲ್ಲಿದ್ದಾಗ ಶ್ವಾಸಕೋಶದ ಬಯಾಪ್ಸಿಯೊಂದು ನಮ್ಮಲ್ಲಿಗೆ ಬಂದಿತ್ತು. ಮಹಿಳೆ ಉತ್ತರ ಕರ್ನಾಟಕದವರು, ಗರ್ಭಕೋಶವನ್ನು ವರ್ಷಗಳ ಹಿಂದೆ ಊರಿನ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೆಗೆಸಿಕೊಂಡಿದ್ದರು. ಗಂಟು ಸ್ನಾಯುವಿನದು, ನೋಡಲು ಸೌಮ್ಯವಾದದ್ದು ಎಂಬಷ್ಟನ್ನು ನಮ್ಮ ಪೆಥಾಲಜಿಸ್ಟರು ಹೇಳಿದರು. ಹಿಂದೆ ತೆಗೆದದ್ದು ನಿಜಕ್ಕೂ ಫೈಬ್ರಾಯ್ಡೇ ಎಂದು ಖಚಿತಪಡಿಸಿಕೊಳ್ಳಲು ಹಳೆಯ ಬ್ಲಾಕು ತರಿಸಿ ಎಂದರು. ಅವರ ತಮ್ಮ ಊರಿಗೆ ಹೋಗಿ ವಿಚಾರಿಸಿದಾಗ ಅಲ್ಲಿ ಬ್ಲಾಕೂ ಇರಲಿಲ್ಲ, ರಿಜಿಸ್ಟರೂ ಇರಲಿಲ್ಲ. ಆಸ್ಪತ್ರೆ ಕಟ್ಟಡ ಬದಲಿಸಿದಾಗ ಹಳೆಯದನ್ನೆಲ್ಲ ಎಸೆದಿದ್ದರಂತೆ. ‘ಅಕ್ಕಾರ, ಒಂದು ತುಂಡು ಇಟ್ಟಿದ್ದರ ಇವರಿಗೇನು ಭಾರ ಆಗ್ತಿತ್ತು?’ ಎಂದು ಆತ ನನ್ನನ್ನು ಕೇಳಿದ. ಆ ತಾಯಿಗೆ ಕ್ಯಾನ್ಸರಿನ ಭೀತಿಯಿಂದ ಬಿಡುಗಡೆಯಾಗಲು ಪದೇಪದೇ ಸ್ಕ್ಯಾನ್ ಮಾಡಿಸಿ, ಗಂಟುಗಳು ಬೆಳೆಯುತ್ತಿಲ್ಲವೆಂದು ಕಾದು ಕಾದು ತಿಳಿಯಬೇಕಾಯಿತು.

ಕಾನೂನು ಏನು ಹೇಳುತ್ತದೆ? ವೈದ್ಯರ ನಡತೆಯ ಕುರಿತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಇಡಬೇಕು, ಕೇಳಿದವರಿಗೆ 72 ಗಂಟೆಗಳೊಳಗೆ ಕೊಡಬೇಕು. ಮೂರು ವರ್ಷ! ಶ್ವಾಸಕೋಶದ ಈ ಗಂಟುಗಳು ಶಸ್ತ್ರಚಿಕಿತ್ಸೆಯಾಗಿ ಹತ್ತು ಹದಿನೈದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷ ದಾಟಿದ ಮೇಲೆ ಕಾಣಿಸುತ್ತವೆ. ಅಮೆರಿಕದ ಪೆಥಾಲಜಿಸ್ಟರ ಕಾಲೇಜು ಬ್ಲಾಕುಗಳನ್ನು ಕನಿಷ್ಠ 10 ವರ್ಷ ಇಡಬೇಕೆನ್ನುತ್ತದೆ. ಈ ಕಾಯಿಲೆಯ ಮಟ್ಟಿಗೆ ಅದೂ ಸಾಲದು. ದೊಡ್ಡ ಕ್ಯಾನ್ಸರ್ ಸಂಸ್ಥೆಗಳಲ್ಲಿ ವ್ಯವಸ್ಥೆ ಉತ್ತಮವಾಗಿದೆ. ನಮ್ಮ ಪರೇಲಿನ ಟಾಟಾ ಮೆಮೊರಿಯಲ್ ಆಸ್ಪತ್ರೆಯಲ್ಲಿ ಗಡ್ಡೆಗಳ ಅಂಗಾಂಶವನ್ನು ಸಂಶೋಧನೆಗಾಗಿ ಕಾಯ್ದಿಡುವ ಭಂಡಾರವೇ ಇದೆ. ಆದರೆ ಕ್ಯಾನ್ಸರ್ ಅಲ್ಲವೆಂದು ವರದಿಯಾದ ಗಡ್ಡೆ ಅಂಥಲ್ಲಿಗೆ ಹೋಗುವುದಿಲ್ಲ. ಅದು ತಾಲ್ಲೂಕು ಕೇಂದ್ರದ ಪ್ರಯೋಗಾಲಯದ ಮೂಲೆಯ ಡಬ್ಬಿಯಲ್ಲಿ ಕೆಲವು ಬೇಸಿಗೆ ಕಳೆದು ಕಸಕ್ಕೆ ಹೋಗುತ್ತದೆ.

ಮಹಾರಾಷ್ಟ್ರದಲ್ಲಿರುವ ನಾವು ಬೀಡ್ ಜಿಲ್ಲೆಯನ್ನು ಮರೆಯುವಂತಿಲ್ಲ. ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಕರ್ನಾಟಕಕ್ಕೂ ವಲಸೆ ಹೋಗುವ ಅಲ್ಲಿನ ಹೆಂಗಸರ ಪೈಕಿ 82,309 ಮಂದಿಯನ್ನು 2019ರಲ್ಲಿ ಸಮೀಕ್ಷೆ ಮಾಡಿದಾಗ 13,861 ಮಂದಿ ಗರ್ಭಕೋಶ ಕಳೆದುಕೊಂಡಿದ್ದರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ನಿರ್ದೇಶಿಸಿದ್ದು ಈ ಬಗೆಯ ಅನ್ಯಾಯಗಳ ಹಿನ್ನೆಲೆಯಲ್ಲಿಯೇ. ತೆಗೆದ ಪ್ರತಿ ಗರ್ಭಕೋಶವೂ ಪೆಥಾಲಜಿ ಪರೀಕ್ಷೆಗೆ ಹೋಗಬೇಕು, ವರದಿಯ ಪ್ರತಿ ಆ ಮಹಿಳೆಯ ಕೈಗೆ ಸೇರಬೇಕು, ಬ್ಲಾಕು ಉಳಿಯಬೇಕು ಎಂಬ ನಿಯಮ ಕಟ್ಟುನಿಟ್ಟಾದರೆ ಅಪರೂಪದ ಕಾಯಿಲೆಯವರಿಗಷ್ಟೇ ಅಲ್ಲ, ಕಾರಣವಿಲ್ಲದೆ ಅಂಗ ತೆಗೆಯುವವರಿಗೆ ಲಗಾಮು ಹಾಕಲಿಕ್ಕೂ ಅನುಕೂಲ. ಕಾಯಿಲೆಯೇ ಇಲ್ಲದ ಗರ್ಭಕೋಶ ಎಂದು ಬ್ಲಾಕೇ ಸಾಕ್ಷಿ ಹೇಳುತ್ತದೆ.

ಲ್ಯಾಪರೊಸ್ಕೋಪಿಯಲ್ಲಿ ಗಡ್ಡೆಯನ್ನು ಹೊಟ್ಟೆಯೊಳಗೇ ಯಂತ್ರದಿಂದ ಪುಡಿಮಾಡಿ ಚಿಕ್ಕ ರಂಧ್ರದಿಂದ ಹೊರತೆಗೆಯುವ ಮಾರ್ಸೆಲೇಶನ್ ವಿಧಾನದ ಬಗ್ಗೆಯೂ ಒಂದು ಮಾತು. ಫೈಬ್ರಾಯ್ಡ್ ಎಂದು ಶಸ್ತ್ರಚಿಕಿತ್ಸೆಗೆ ಬಂದ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಅರಿವಿಲ್ಲದ ಸಾರ್ಕೋಮ ಇರಬಹುದೆಂದು ಅಂದಾಜಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಈ ಯಂತ್ರದ ವಿರುದ್ಧ ಎಚ್ಚರಿಕೆ ನೀಡಿತು. ಚೂರುಗಳು ಹೊಟ್ಟೆಯೊಳಗೆ ಚೆದುರಿ ಅಲ್ಲಲ್ಲಿ ಬೇರೂರುವುದೂ ಉಂಟು. ಶ್ವಾಸಕೋಶದ ಗಂಟುಗಳಿಗೆ ಇದೊಂದೇ ಕಾರಣವೆನ್ನಲಾಗದು. ಸ್ಟೈನರ್ ಬರೆದಾಗ ಈ ಯಂತ್ರವೇ ಇರಲಿಲ್ಲ. ಆದರೂ ಪುಡಿಯಾದ ಗಡ್ಡೆಯಲ್ಲಿ ಯಾವ ಚೂರು ಯಾವ ಗಡ್ಡೆಯದೆಂದು ನಮಗೆ ತಿಳಿಯುವುದಿಲ್ಲ. ಹಾಗೆ ತೆಗೆಯಲೇಬೇಕಾದರೆ ಚೀಲದೊಳಗಿಟ್ಟು ತೆಗೆಯಿರಿ ಎಂದು ಕೇಳುವ ಹಕ್ಕು ರೋಗಿಗಿದೆ.

ಇಂಥ ವರದಿ ಬಂದ ತಾಯಂದಿರು ಮೊದಲು ಕೇಳುವುದು ತಮ್ಮ ಬಗ್ಗೆ ಅಲ್ಲ. ‘ನನ್ನ ಮಗಳಿಗೂ ಬರುತ್ತದೆಯೇ?’ ಎಂದು. ಮೇಲೆ ಹೇಳಿದ ಮೆಡ್12, ಎಚ್‌ಎಂಜಿಎ2, 19 ಮತ್ತು 22ನೆಯ ವರ್ಣತಂತುಗಳ ಬದಲಾವಣೆಗಳು ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುವವು, ತಾಯಿಯಿಂದ ಮಗಳಿಗೆ ಇಳಿಯುವವಲ್ಲ. ಒಂದು ಅಪವಾದವನ್ನು ಮಾತ್ರ ಎಲ್ಲರೂ ತಿಳಿದಿರಬೇಕು. ಎಫ್‌ಎಚ್ ಎಂಬ ವಂಶವಾಹಿಯ ದೋಷ ಹುಟ್ಟಿನಿಂದಲೇ ಬಂದಿದ್ದರೆ ಚಿಕ್ಕ ಪ್ರಾಯದಲ್ಲೇ ಹಲವಾರು ಫೈಬ್ರಾಯ್ಡ್‌ಗಳು, ಚರ್ಮದ ಮೇಲೆ ನೋಯುವ ಸಣ್ಣ ಗಂಟುಗಳು, ಕೆಲವರಿಗೆ ಉಗ್ರ ಸ್ವರೂಪದ ಮೂತ್ರಪಿಂಡದ ಕ್ಯಾನ್ಸರ್ ಬರುತ್ತವೆ. ಇದು ಅರ್ಧದಷ್ಟು ಮಕ್ಕಳಿಗೆ ಇಳಿಯುವ ಸಂಭವವಿದೆ, ಗಂಡುಮಕ್ಕಳಿಗೂ. ಇಪ್ಪತ್ತರ ಹರೆಯದಲ್ಲೇ ಫೈಬ್ರಾಯ್ಡ್‌ಗೆ ಶಸ್ತ್ರಚಿಕಿತ್ಸೆ ಬೇಕಾದವರು, ಮನೆತನದಲ್ಲಿ ಕಿಡ್ನಿ ಕ್ಯಾನ್ಸರ್ ಇದ್ದವರು ಇದನ್ನು ವೈದ್ಯರ ಗಮನಕ್ಕೆ ತರಬೇಕು. ಅದನ್ನು ಪತ್ತೆಹಚ್ಚಲು ಕೂಡ ಮತ್ತೆ ಅದೇ ಹಳೆಯ ಬ್ಲಾಕು ನೆರವಿಗೆ ಬರುತ್ತದೆ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಗರ್ಭಕೋಶದ ಶಸ್ತ್ರಚಿಕಿತ್ಸೆಯಾದವರು ಪೆಥಾಲಜಿ ವರದಿಯನ್ನು ಕೇಳಿ ಪಡೆಯಿರಿ. ಅದರ ಮೇಲಿರುವ ಪ್ರಯೋಗಾಲಯದ ಹೆಸರು ಮತ್ತು ಬ್ಲಾಕಿನ ಸಂಖ್ಯೆ ಮಾಸದಂತೆ ಫೋಟೊ ತೆಗೆದಿಡಿ. ಪ್ರಯೋಗಾಲಯ ಇನ್ನು ಇಡುವುದಿಲ್ಲವೆಂದರೆ ಬ್ಲಾಕನ್ನು ನಿಮಗೇ ಕೊಡುವಂತೆ ಲಿಖಿತವಾಗಿ ಕೇಳಿ. ರಸೀದಿ ಪಡೆದು ತಂದು, ಬಿಸಿಲು ತಾಗದ ಕಡೆ, ಒಲೆಯಿಂದ ದೂರ ಇಡಿ, ಏಕೆಂದರೆ ಮೇಣ ಕರಗುತ್ತದೆ. ಮುಂದೆಂದಾದರೂ ಎದೆಯ ಸ್ಕ್ಯಾನಿನಲ್ಲಿ ಗಂಟುಗಳು ಕಂಡರೆ, ವೈದ್ಯರು ಕೇಳಲಿ ಬಿಡಲಿ, ಗರ್ಭಕೋಶದ ಶಸ್ತ್ರಚಿಕಿತ್ಸೆಯಾಗಿದೆಯೆಂದು ನೀವಾಗಿ ಹೇಳಿ. ಎದೆಯ ವೈದ್ಯರಿಗೆ ಗರ್ಭಕೋಶದ ವಿಷಯ ಹೇಳಲು ನಮ್ಮ ಹೆಂಗಸರು ಸಂಕೋಚಪಡುತ್ತಾರೆ, ಸಂಕೋಚ ಬೇಡ.

ಮುಂಬಯಿ, ಪುಣೆಗಳ ನಮ್ಮ ಕನ್ನಡ ಸಂಘಗಳೂ ಜಾತಿ ಸಮುದಾಯಗಳ ಸಂಘಗಳೂ ವರ್ಷವರ್ಷ ವೈದ್ಯಕೀಯ ಶಿಬಿರ ನಡೆಸಿ ಶುಗರ್, ಬಿಪಿ, ಕಣ್ಣು ನೋಡಿ ಕಳಿಸುತ್ತವೆ. ಅದೇ ಶಿಬಿರದಲ್ಲಿ ಹೆಂಗಸರ ಹಳೆಯ ಶಸ್ತ್ರಚಿಕಿತ್ಸೆಯ ವಿವರ ಕೇಳಿ, ವರದಿಗಳನ್ನು ಸ್ಕ್ಯಾನ್ ಮಾಡಿ ಅವರ ಮೊಬೈಲಿಗೋ, ಸರ್ಕಾರದ ಡಿಜಿಟಲ್ ಆರೋಗ್ಯ ದಾಖಲೆಯಾದ ಆಭಾ ಖಾತೆಗೋ ಸೇರಿಸಿಕೊಡುವ ಒಂದು ಮೇಜು ಇಟ್ಟರೆ ಖರ್ಚು ಹೆಚ್ಚಾಗದು. ನನ್ನಂಥ ನಿವೃತ್ತರು ಅಲ್ಲಿ ಕುಳಿತುಕೊಳ್ಳಲು ಸಿದ್ಧರಿದ್ದೇವೆ. ಮಹಾರಾಷ್ಟ್ರ, ಗೋವಾ, ಕರ್ನಾಟಕ ಮೂರೂ ರಾಜ್ಯಗಳ ಆರೋಗ್ಯ ಇಲಾಖೆಗಳು ಬ್ಲಾಕುಗಳನ್ನು ಕನಿಷ್ಠ ಇಪ್ಪತ್ತು ವರ್ಷ ಇಡಬೇಕೆಂದೂ, ಪ್ರಯೋಗಾಲಯ ಮುಚ್ಚುವುದಾದರೆ ಅವನ್ನು ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಒಪ್ಪಿಸಬೇಕೆಂದೂ, ಎಸೆಯುವ ಮೊದಲು ರೋಗಿಗೆ ತಿಳಿಸಬೇಕೆಂದೂ ಆದೇಶ ಹೊರಡಿಸಲಿ ಎಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹಿಸ್ಟೊಪೆಥಾಲಜಿ ತಂತ್ರಜ್ಞೆ,
ಮುಲುಂಡ್, ಮುಂಬಯಿ